ಅಕ್ಕ ಕೇಳಿದ ಲ್ಯಾಪ್‌ಟಾಪ್

ನಮ್ಮ ಮನೆಯ ಕಪಾಟಿನಲ್ಲಿ ಒಂದು ಲ್ಯಾಪ್‌ಟಾಪ್ ಇದೆ. ಸ್ಕ್ರೀನ್ ಮೇಲೆ ಒಂದು ಗೀರೂ ಇಲ್ಲ. ಕೀಗಳೆಲ್ಲ ಸರಿಯಾಗಿವೆ. ಬ್ಯಾಟರಿ ಕೂಡ ಇನ್ನೂ ಎರಡು ಗಂಟೆ ಬರುತ್ತದೆ. ಆದರೂ ಅದನ್ನು ಯಾರೂ ಮುಟ್ಟುವುದಿಲ್ಲ. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಮೂಲೆಯಲ್ಲಿ ಅದೇ ಹಳೇ ಸಂದೇಶ ಬರುತ್ತದೆ: ಜಾಗ ಸಾಲದು, ಅಪ್‌ಡೇಟ್ ಹಾಕಲಾಗುತ್ತಿಲ್ಲ.

ಅಪ್ಪನಿಗೆ ಅಂತ ನಾನೇ ಆರಿಸಿ ತಂದಿದ್ದೆ ಅದನ್ನು. ತೆಳ್ಳಗಿತ್ತು, ಹಗುರವಾಗಿತ್ತು, ಬೆಲೆಯೂ ಕೈಗೆಟುಕುವಂತಿತ್ತು. ಮನೆಯ ಕೆಲಸ ಅಂದರೆ ಏನಿರುತ್ತದೆ? ಬಿಲ್ ಕಟ್ಟುವುದು, ಇಮೇಲ್ ನೋಡುವುದು, ಯಾವುದೋ ಅರ್ಜಿ ತುಂಬುವುದು, ಫೋಟೋ ಇಟ್ಟುಕೊಳ್ಳುವುದು, ದೂರದಲ್ಲಿರುವವರ ಮುಖ ನೋಡಿ ಮಾತಾಡುವುದು. ಇಷ್ಟಕ್ಕೆ ಇದು ಧಾರಾಳವಾಗಿ ಸಾಕು ಅಂದುಕೊಂಡೆ. ಫೈಲ್‌ಗಳನ್ನು ಇಡುವ ಜಾಗ 32 ಜಿಬಿ ಅಂತ ಡಬ್ಬದ ಮೇಲೆ ಬರೆದಿತ್ತು. ಓದಿದ್ದೆ. ಆದರೆ ಮನೆಯಲ್ಲಿ ದಿನಾ ಬಳಸುವಾಗ ಆ ಅಂಕಿಗೆ ಏನರ್ಥ ಅಂತ ಯೋಚಿಸಿರಲಿಲ್ಲ.

32 ಜಿಬಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಲ್ಯಾಪ್‌ಟಾಪನ್ನು ನಡೆಸುವ ವಿಂಡೋಸ್‌ಗೇ ಹೋಗುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗ ಹಳೆಯದನ್ನು ಹಾಗೇ ಉಳಿಸಿಕೊಂಡು ಹೊಸದನ್ನು ಪಕ್ಕದಲ್ಲಿ ಬಿಚ್ಚಿಕೊಳ್ಳಬೇಕು. ಅದಕ್ಕೆ ಇನ್ನೂ ಕೆಲವು ಜಿಬಿ ಖಾಲಿ ಇರಬೇಕು. ಅಪ್ಪನ ಲ್ಯಾಪ್‌ಟಾಪ್‌ನಲ್ಲಿ ಅಷ್ಟು ಜಾಗ ಇರಲೇ ಇಲ್ಲ.

ಒಂದು ಸಂಜೆ ಹೋಗಿ ನೋಡಿದರೆ ಅಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಸ್ಕ್ರೀನ್‌ಗೆ ಬಗ್ಗಿ ಕೂತಿದ್ದರು.

"ಏನ್ ಮಾಡ್ತಿದ್ದೀರಪ್ಪಾ?"

"ಜಾಗ ಇಲ್ಲ ಅಂತಿದೆಯಲ್ಲಮ್ಮ. ಬೇಡದ ಫೋಟೋಗಳನ್ನ ತೆಗೀತಿದ್ದೀನಿ."

ಅವು ಬೇಡದ ಫೋಟೋಗಳಾಗಿರಲಿಲ್ಲ. ಒಂದೊಂದನ್ನೂ ದೊಡ್ಡದು ಮಾಡಿ, ಸ್ವಲ್ಪ ಹೊತ್ತು ನೋಡಿ, ಆಮೇಲೆ ಡಿಲೀಟ್ ಒತ್ತುತ್ತಿದ್ದರು. ಅಮ್ಮನ ಫೋಟೋ ಬಂದಾಗ ಮಾತ್ರ ಮುಂದಕ್ಕೆ ಹೋಗುತ್ತಿದ್ದರು. ನಾನು ಪಕ್ಕದಲ್ಲಿ ಕೂತು ರೀಸೈಕಲ್ ಬಿನ್ ತೆರೆದು ಅಷ್ಟನ್ನೂ ವಾಪಸ್ ತಂದೆ. ಬಿನ್‌ನಲ್ಲೇ ಇದ್ದದ್ದರಿಂದ ಜಾಗವೇನೂ ಖಾಲಿಯಾಗಿರಲಿಲ್ಲ ಅನ್ನುವುದು ಬೇರೆ ಮಾತು. ಆ ದಿನ ನನಗೆ ತುಂಬಾ ಸಂಕಟವಾಯಿತು. ಸಾಕು ಅಂತ ನಾನು ತಂದಿಟ್ಟದ್ದು ಅವರ ನೆನಪುಗಳಿಗೇ ಕೈ ಹಾಕಿತ್ತು.

ಫೈಲ್‌ಗಳೆಲ್ಲ ಕೂರುವ ಡ್ರೈವ್ ಬದಲಾಯಿಸಿದರಾಯಿತು ಅಂತ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿದೆ. ಒಳಗೆ ಡ್ರೈವ್ ಅನ್ನುವ ಬಿಡಿ ವಸ್ತುವೇ ಇರಲಿಲ್ಲ. ಮದರ್‌ಬೋರ್ಡ್ ಮೇಲೆ ಉಗುರಿನಷ್ಟು ಅಗಲದ ಒಂದು ಕಪ್ಪು ಚಿಪ್ ಇತ್ತು, ಬೆಸುಗೆ ಹಾಕಿ ಕೂರಿಸಿದ್ದು. ಅದೇ ಡ್ರೈವ್. ಅದರ ಪಕ್ಕದಲ್ಲಿ ಹಾಗೇ ಬೆಸುಗೆ ಹಾಕಿದ 2 ಜಿಬಿ ಮೆಮೊರಿ, ಅಂದರೆ ತೆರೆದಿರುವ ಕೆಲಸಗಳನ್ನು ಆ ಹೊತ್ತಿಗೆ ಹಿಡಿದಿಡುವ ಭಾಗ. ಬದಲಾಯಿಸಬಹುದಾದದ್ದು ಅಂತ ಬ್ಯಾಟರಿ ಬಿಟ್ಟರೆ ಏನೂ ಇರಲಿಲ್ಲ. ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಮಿಂಟನ್ನು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿದೆ. ಶುರುವಾಯಿತು. ಆದರೆ ಬ್ರೌಸರ್‌ನಲ್ಲಿ ಎರಡು ಪುಟ ತೆರೆಯುತ್ತಲೇ ಮೆಮೊರಿ ತುಂಬಿ ನಿಂತುಹೋಯಿತು. ಮತ್ತೆ ಮುಚ್ಚಿ ಕಪಾಟಿಗೆ ಸೇರಿಸಿದೆ.

ಅದಕ್ಕೇ, ಕಳೆದ ತಿಂಗಳು ಅಕ್ಕ ಫೋನ್ ಮಾಡಿ "ಮನೆಗೊಂದು ಲ್ಯಾಪ್‌ಟಾಪ್ ಬೇಕು ಕಣೇ, ಜಾಸ್ತಿ ಖರ್ಚು ಮಾಡೋಕಾಗಲ್ಲ, ಯಾವುದು ತಗೊಳ್ಳಲಿ?" ಅಂತ ಕೇಳಿದಾಗ ನಾನು ತಕ್ಷಣ ಒಂದು ಹೆಸರು ಹೇಳಲಿಲ್ಲ. ಮೂರು ವಾರ ಇಬ್ಬರೂ ಕೂತು ನೋಡಿದೆವು. ಪ್ರತಿಯೊಂದು ಭಾಗದ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿದೆವು: ಇದನ್ನು ಆಮೇಲೆ ಬದಲಾಯಿಸಬಹುದಾ? ಬದಲಾಯಿಸಬಹುದಾದರೆ ಈಗ ಕಡಿಮೆ ಇದ್ದರೂ ಪರವಾಗಿಲ್ಲ. ಬದಲಾಯಿಸಲು ಬರದಿದ್ದರೆ ಅದು ಮೊದಲ ದಿನವೇ ಚೆನ್ನಾಗಿರಬೇಕು. ಕಡಿಮೆ ದುಡ್ಡಿನಲ್ಲಿ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಜಾಸ್ತಿ ದುಡ್ಡಿರುವವರು ಮೂರು ವರ್ಷಕ್ಕೆ ಇನ್ನೊಂದು ತಗೊಳ್ಳುತ್ತಾರೆ. ನಮಗೆ ಅದು ಆರೇಳು ವರ್ಷ ಬರಬೇಕು.

ಡ್ರೈವ್‌ನಿಂದಲೇ ಶುರು ಮಾಡಿದೆವು. ಅಗ್ಗದ ಲ್ಯಾಪ್‌ಟಾಪ್‌ಗಳ ಪಟ್ಟಿಯಲ್ಲಿ ಇಎಂಎಂಸಿ ಅಂತ ಕಂಡರೆ ಅದು ಅಪ್ಪನದರಲ್ಲಿದ್ದಂಥ ಬೆಸುಗೆಯ ಚಿಪ್. ಈಗ 64 ಮತ್ತು 128 ಜಿಬಿಯವೂ ಬರುತ್ತವೆ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಬೇಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಕನಿಷ್ಠ ಅಂದರೆ ಹಾಕಲು ಆಗುತ್ತದೆ ಅಂತ ಅಷ್ಟೇ, ಬದುಕಲು ಸಾಕು ಅಂತಲ್ಲ. ಇಎಂಎಂಸಿಯ ವೇಗವೂ ಕಡಿಮೆ, ಸೆಕೆಂಡಿಗೆ ಇನ್ನೂರು ಮುನ್ನೂರು ಎಂಬಿ ಓದಿದರೆ ಹೆಚ್ಚು. ಎಸ್‌ಎಸ್‌ಡಿ ಅಂದರೆ ತಿರುಗುವ ಭಾಗವಿಲ್ಲದ, ಚಿಪ್‌ಗಳಿಂದಾದ ಡ್ರೈವ್; ಸಾಟಾ, ಎನ್‌ವಿಎಂಇ ಅನ್ನುವುದು ಅದರ ಎರಡು ಬಗೆ. ಸಾಟಾ ಎಸ್‌ಎಸ್‌ಡಿ ಐನೂರರ ಮೇಲೆ ಓದುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿಗಳು ಸಾವಿರಗಳ ಲೆಕ್ಕದಲ್ಲಿ ಓದುತ್ತವೆ. ಮನೆ ಕೆಲಸಕ್ಕೆ ಸಾಟಾಗೂ ಎನ್‌ವಿಎಂಇಗೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇಲ್ಲ. ಆದರೆ ಹಳೇ ಕಾಲದ ತಿರುಗುವ ಹಾರ್ಡ್ ಡಿಸ್ಕ್‌ಗೂ ಎಸ್‌ಎಸ್‌ಡಿಗೂ ಇರುವ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ. ಇನ್ನೂ ಹಾರ್ಡ್ ಡಿಸ್ಕ್ ಹಾಕಿಕೊಂಡಿರುವ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ, ಹೊಸದು ಕೊಳ್ಳುವ ಮುಂಚೆ ಅದಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸಿ ನೋಡಿ. ಎರಡು ನಿಮಿಷ ಕಾಯಿಸುತ್ತಿದ್ದದ್ದು ಇಪ್ಪತ್ತು ಸೆಕೆಂಡಿಗೆ ತೆರೆದುಕೊಂಡರೆ ಹೊಸದರ ಯೋಚನೆಯೇ ಬಿಟ್ಟುಹೋಗಬಹುದು.

ಅಕ್ಕನಿಗೆ 256 ಜಿಬಿ ಎಸ್‌ಎಸ್‌ಡಿ ಸಾಕು ಅಂತ ತೀರ್ಮಾನಿಸಿದೆವು. ವಿಂಡೋಸ್‌ನಲ್ಲಿ ಅದು 238 ಅಂತ ಕಾಣಿಸುತ್ತದೆ. ಮೋಸವೇನಲ್ಲ, ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಅಷ್ಟೇ. ಮುಂದೆ ಸಾಲದೇ ಹೋದರೆ ಒಂದು ಸ್ಕ್ರೂ ಬಿಚ್ಚಿ ದೊಡ್ಡದನ್ನು ಹಾಕಬಹುದು. ಆ ಒಂದು ಸ್ಕ್ರೂ ಇದೆಯಾ ಇಲ್ಲವಾ ಅನ್ನುವುದೇ ಮುಖ್ಯ.

ಮೆಮೊರಿಯದ್ದು ಇನ್ನೂ ಸೂಕ್ಷ್ಮ. 4 ಜಿಬಿಯ ಲ್ಯಾಪ್‌ಟಾಪ್‌ಗಳು ಈಗಲೂ ಮಾರಾಟವಾಗುತ್ತಿವೆ. ವಿಂಡೋಸ್ 11ರ ಕನಿಷ್ಠ ಅಂಕಿಯೂ 4 ಜಿಬಿಯೇ. ಆದರೆ ಏನನ್ನೂ ತೆರೆಯದೆ ಸುಮ್ನೆ ಆನ್ ಮಾಡಿಟ್ಟರೂ ವಿಂಡೋಸ್ ಅದರಲ್ಲಿ ದೊಡ್ಡ ಪಾಲು ತಿಂದುಬಿಡುತ್ತದೆ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಚಿತ್ರ ತೋರಿಸುವ ಭಾಗಕ್ಕೆ ಬೇರೆ ಮೆಮೊರಿ ಇರುವುದಿಲ್ಲ, ಅದೂ ಇದರಲ್ಲೇ ಒಂದಷ್ಟು ಎತ್ತಿಕೊಳ್ಳುತ್ತದೆ. ಉಳಿದದ್ದರಲ್ಲಿ ಬ್ರೌಸರ್ ತೆರೆಯಬೇಕು. ಒಂದು ವಿಡಿಯೋ ಕಾಲ್, ಪಕ್ಕದಲ್ಲಿ ನಾಲ್ಕು ಟ್ಯಾಬ್ ಅಂದರೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಇವತ್ತಿನ ದಿನಕ್ಕೆ 8 ಜಿಬಿ ಬೇಕೇ ಬೇಕು. 16 ಇದ್ದರೆ ಐದಾರು ವರ್ಷ ತಲೆನೋವಿಲ್ಲ. 2024ರ ಅಕ್ಟೋಬರ್‌ನಲ್ಲಿ ಆ್ಯಪಲ್ ಕೂಡ ಮ್ಯಾಕ್‌ಬುಕ್ ಏರ್‌ನ ಕನಿಷ್ಠ ಮೆಮೊರಿಯನ್ನು 8ರಿಂದ 16 ಜಿಬಿಗೆ ಏರಿಸಿತು. 8 ಸಾಕು ಅಂತ ಎಷ್ಟೋ ವರ್ಷ ಮಾರಿದವರೇ ಹಾಗೆ ಮಾಡಿದರು.

ಹಾಗಂತ ಈಗಲೇ 16ಕ್ಕೆ ದುಡ್ಡು ಹಾಕಬೇಕಾ? ಮೆಮೊರಿಯ ಕಡ್ಡಿ ಸಿಕ್ಕಿಸುವ ಸ್ಲಾಟ್ ಇದ್ದರೆ ಬೇಡ. 8 ಜಿಬಿಯದ್ದು ತಗೊಂಡು, ಒಂದು ಸ್ಲಾಟ್ ಖಾಲಿ ಇದೆಯಾ ನೋಡಿಕೊಂಡರೆ, ಬೇಕೆನಿಸಿದಾಗ ಇನ್ನೊಂದು 8 ಸೇರಿಸಬಹುದು. ಎರಡು ಕಡ್ಡಿ ಇದ್ದರೆ ಲ್ಯಾಪ್‌ಟಾಪ್‌ನ ಮಿದುಳಾದ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಓದುತ್ತದೆ, ಅದರಿಂದ ಚಿತ್ರದ ಕೆಲಸವೂ ಸ್ವಲ್ಪ ಚುರುಕಾಗುತ್ತದೆ. 2025ರ ಕೊನೆಯ ಹೊತ್ತಿಗೆ ಮೆಮೊರಿಯ ಬೆಲೆ ಎಲ್ಲ ಕಡೆ ಏರಿತು, ಎಐ ಸರ್ವರ್‌ಗಳಿಗೆ ಚಿಪ್‌ಗಳು ಹೋಗುತ್ತಿರುವುದರಿಂದ. ಅದಕ್ಕೆ ಇನ್ನೊಂದು ಕಡ್ಡಿಯನ್ನು ಆಮೇಲೆ ಹಾಕುವ ಅವಕಾಶ ಇರುವುದು ಇನ್ನೂ ಮುಖ್ಯವಾಗಿದೆ. ಪಟ್ಟಿಯಲ್ಲಿ ಎಲ್‌ಪಿಡಿಡಿಆರ್ ಅಂತಲೋ ಆನ್‌ಬೋರ್ಡ್ ಅಂತಲೋ ಇದ್ದರೆ ಬೆಸುಗೆ ಹಾಕಿದ್ದು ಅಂತಲೇ ತಿಳಿದುಕೊಳ್ಳಿ. ಸೋಡಿಮ್ ಅಂತ ಇದ್ದರೆ ಕಡ್ಡಿ, ತೆಗೆದು ಹಾಕಬಹುದು. ಈ ಒಂದು ಪದ ಹುಡುಕಲು ನಾವಿಬ್ಬರೂ ಕೆಲವು ಸಂಜೆ ಪೂರ್ತಿ ಕಳೆದೆವು. ಅಂಗಡಿಗಳ ಪುಟದಲ್ಲಿ ಅದನ್ನು ಬರೆದಿರುವುದೇ ಇಲ್ಲ. ತಯಾರಕರ ಸರ್ವಿಸ್ ಮ್ಯಾನುಯಲ್ ತೆರೆದು ನೋಡಬೇಕು. ಬಿಚ್ಚುವುದು ಹೇಗೆ ಅಂತ ಚಿತ್ರ ಸಮೇತ ಅಲ್ಲಿರುತ್ತದೆ. ಅಂಥ ಮ್ಯಾನುಯಲ್ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಾರೆ ಅನ್ನುವುದೇ ನನಗೆ ಒಳ್ಳೆಯ ಗುರುತು.

ಪ್ರೊಸೆಸರ್ ವಿಷಯಕ್ಕೆ ಬಂದಾಗ ಅಕ್ಕ "ಐ5 ಅಂದ್ರೆ ಒಳ್ಳೇದು, ಐ3 ಅಂದ್ರೆ ಸುಮಾರು, ಅಷ್ಟೇ ತಾನೇ?" ಅಂದಳು. ನಾನೂ ಮುಂಚೆ ಹಾಗೇ ಅಂದುಕೊಂಡಿದ್ದೆ. ಅಷ್ಟು ಸರಳವಾಗಿದ್ದರೆ ಎಷ್ಟು ಚೆನ್ನಾಗಿತ್ತು! ಇಂಟೆಲ್‌ನ 7ನೇ ಜನರೇಶನ್‌ನ ಸಾಮಾನ್ಯ ತೆಳು ಲ್ಯಾಪ್‌ಟಾಪ್‌ಗಳ ಐ5ನಲ್ಲಿ ಎರಡೇ ಕೋರ್, ಅಂದರೆ ಕೆಲಸ ಮಾಡುವ ಎರಡೇ ಘಟಕ ಇದ್ದವು. 2017ರಲ್ಲಿ ಬಂದ 8ನೇ ಜನರೇಶನ್‌ನಲ್ಲಿ ಅದೇ ಐ5 ಹೆಸರಿನಲ್ಲಿ ನಾಲ್ಕು ಕೋರ್ ಬಂದವು. ಹೆಸರು ಒಂದೇ, ಒಳಗಿನದು ಬೇರೆ.

ಇನ್ನೊಂದು ಕಡೆ ನೋಡಿ. ಎಎಂಡಿಯ ರೈಜೆನ್ 5 7520ಯು ಅಂತ ಒಂದಿದೆ. 2022ರಲ್ಲಿ ಬಂದದ್ದು. 7000ದ ಸಾಲಿನಲ್ಲಿರುವುದರಿಂದ ಹೊಚ್ಚ ಹೊಸದು ಅನಿಸುತ್ತದೆ. ಆದರೆ ಆ ಸಾಲಿನಲ್ಲಿ ಒಳಗಿನ ವಿನ್ಯಾಸ ಯಾವುದು ಅಂತ ಹೇಳುವುದು ಮೂರನೇ ಅಂಕಿ. ಇಲ್ಲಿ ಅದು 2. ಅಂದರೆ ಜೆನ್ 2, ಅದು 2019ರ ವಿನ್ಯಾಸ. 7530ಯು ಆದರೆ ಮೂರನೇ ಅಂಕಿ 3, ಜೆನ್ 3. ಓದುವಾಗ ಒಂದೇ ಒಂದು ಅಂಕಿ ಬೇರೆ. 7520ಯು ಬೆಸುಗೆ ಹಾಕುವ ಮೆಮೊರಿಯನ್ನು ಮಾತ್ರ ತಗೊಳ್ಳುತ್ತದೆ, 7530ಯುಗೆ ಕಡ್ಡಿಯನ್ನೂ ಹಾಕಬಹುದು. ಇದು ಗೊತ್ತಾದ ಮೇಲೆ ಅಕ್ಕ ಪ್ರತಿ ಲ್ಯಾಪ್‌ಟಾಪ್‌ನ ಹೆಸರನ್ನೂ ಅಂಕಿ ಅಂಕಿಯಾಗಿ ಜೋರಾಗಿ ಓದತೊಡಗಿದಳು. ನನಗೆ ಖುಷಿಯಾಯಿತು.

ಇಂಟೆಲ್ 2023ರಲ್ಲಿ ಲ್ಯಾಪ್‌ಟಾಪ್‌ಗಳಿಗೆ ಸೆಲೆರಾನ್, ಪೆಂಟಿಯಂ ಅನ್ನುವ ಹೆಸರುಗಳನ್ನು ಕೈಬಿಟ್ಟಿತು. ಆ ಜಾಗಕ್ಕೆ ಈಗ ಸುಮ್ನೆ ಇಂಟೆಲ್ ಪ್ರೊಸೆಸರ್ ಅಂತ ಬರುತ್ತದೆ. ಎನ್100 ಅದರಲ್ಲಿ ಒಂದು. ನಾಲ್ಕು ಚಿಕ್ಕ ಕೋರ್‌ಗಳು, 6 ವಾಟ್. ಅದನ್ನು ನಾನು ಬೇಡ ಅನ್ನುವುದಿಲ್ಲ. ಇಮೇಲ್, ಬಿಲ್, ವಿಡಿಯೋ, ಒಂದು ಪತ್ರ ಟೈಪ್ ಮಾಡುವುದು ಇಷ್ಟೇ ಆದರೆ ಎನ್100, ಜೊತೆಗೆ 8 ಜಿಬಿ ಮೆಮೊರಿ ಮತ್ತು ನಿಜವಾದ ಎಸ್‌ಎಸ್‌ಡಿ ಇದ್ದರೆ ಅಚ್ಚುಕಟ್ಟಾಗಿ ನಡೆಯುತ್ತದೆ. ಬಿಸಿಯೂ ಕಡಿಮೆ, ಸದ್ದೂ ಕಡಿಮೆ. ಅದನ್ನೇ 4 ಜಿಬಿ ಮತ್ತು ಇಎಂಎಂಸಿ ಜೊತೆ ಕಟ್ಟಿ ಮಾರುತ್ತಾರೆ, ತೊಂದರೆ ಅಲ್ಲಿದೆ. ನಿಧಾನವಾದರೆ ಎಲ್ಲರೂ ಪ್ರೊಸೆಸರ್‌ಗೆ ಬೈಯುತ್ತಾರೆ. ಬಹಳ ಸಲ ತಪ್ಪು ಅದರದ್ದಲ್ಲ.

ಇನ್ನು ಸ್ಕ್ರೀನ್. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ದಿನಾ ಕಣ್ಣಿಡುವುದು ಅಲ್ಲೇ, ಆದರೆ ಕೊಳ್ಳುವಾಗ ಕೊನೆಗೆ ನೋಡುವುದೂ ಅದನ್ನೇ. ಅಪ್ಪನ ಲ್ಯಾಪ್‌ಟಾಪ್‌ನ ಸ್ಕ್ರೀನ್ 1366 ಅಡ್ಡ, 768 ಉದ್ದ. ಒಟ್ಟು ಹತ್ತೂವರೆ ಲಕ್ಷ ಚುಕ್ಕಿ. 1920ಕ್ಕೆ 1080 ಆದರೆ ಸುಮಾರು ಇಪ್ಪತ್ತೂಮುಕ್ಕಾಲು ಲಕ್ಷ, ಹೆಚ್ಚು ಕಡಿಮೆ ಎರಡರಷ್ಟು. ಇಂಗ್ಲಿಷ್ ಅಕ್ಷರಗಳಿಗೆ ಕಡಿಮೆ ಚುಕ್ಕಿ ಹೇಗೋ ಸಾಕಾಗುತ್ತದೆ. ಕನ್ನಡಕ್ಕೆ ಸಾಕಾಗುವುದಿಲ್ಲ. ನಮ್ಮಲ್ಲಿ ಒಂದು ಅಕ್ಷರದ ಮೇಲೆ ಗುಣಿತ ಇರುತ್ತದೆ, ಕೆಳಗೆ ಒತ್ತು ಇರುತ್ತದೆ, ಪಕ್ಕದಲ್ಲಿ ದೀರ್ಘ ಇರುತ್ತದೆ. ಅಷ್ಟೂ ಒಂದು ಚಿಕ್ಕ ಚೌಕದಲ್ಲಿ ಕೂರಬೇಕು. ಅಪ್ಪನ ಸ್ಕ್ರೀನ್‌ನಲ್ಲಿ ಸಣ್ಣ ಅಕ್ಷರದ ಕನ್ನಡ ಓದುವಾಗ ಒತ್ತಕ್ಷರಗಳು ಒಂದು ಮಸಿ ಚುಕ್ಕೆಯ ಹಾಗೆ ಕಾಣುತ್ತಿದ್ದವು. ಪ ಮತ್ತು ಷ ಬೇರೆ ಮಾಡುವ ಒಳಗಿನ ಗೆರೆ ಮಾಯವಾಗುತ್ತಿತ್ತು. ಅಪ್ಪ ತಮ್ಮ ಕಣ್ಣೇ ಮಂಜಾಗಿದೆ ಅಂದುಕೊಂಡಿದ್ದರು. ಅದೇ ಪುಟವನ್ನು 1080ರ ಸ್ಕ್ರೀನ್‌ನಲ್ಲಿ ತೋರಿಸಿದಾಗ ಅಕ್ಷರ ತಪ್ಪದೆ ಓದಿದರು. ಹಾಗಾಗಿ ಕನ್ನಡ ಓದುವ ಮನೆಗೆ 1920ಕ್ಕೆ 1080 ಕನಿಷ್ಠ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಚುಕ್ಕಿಗಳ ಜೊತೆಗೆ ಪ್ಯಾನೆಲ್ ಯಾವ ಬಗೆಯದು ಅನ್ನುವುದೂ ಇದೆ. ಟಿಎನ್ ಅನ್ನುವ ಬಗೆಯದ್ದು ನೇರವಾಗಿ ಎದುರಿಗೆ ಕೂತರೆ ಮಾತ್ರ ಸರಿ. ಸ್ಕ್ರೀನನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರೆ ಮುಖಗಳು ಬೆಳ್ಳಗಾಗುತ್ತವೆ, ಹಿಂದಕ್ಕೆ ಬಾಗಿಸಿದರೆ ಕಪ್ಪಾಗುತ್ತವೆ. ಮನೆಯಲ್ಲಿ ಲ್ಯಾಪ್‌ಟಾಪ್ ನೋಡುವುದು ಒಬ್ಬರೇ ಅಲ್ವಲ್ಲ. ವಿಡಿಯೋ ಕಾಲ್ ಬಂದರೆ ಮೂರು ಜನ ಅಕ್ಕಪಕ್ಕ ಕೂರುತ್ತಾರೆ. ಐಪಿಎಸ್ ಬಗೆಯದಾದರೆ ಪಕ್ಕದವರಿಗೂ ಬಣ್ಣ ಹಾಗೇ ಕಾಣುತ್ತದೆ. ಅಂಗಡಿಯಲ್ಲಿ ಪರೀಕ್ಷೆ ಸುಲಭ: ಒಂದು ಮುಖದ ಚಿತ್ರ ಹಾಕಿ, ಸ್ಕ್ರೀನನ್ನು ಮುಂದಕ್ಕೆ ಹಿಂದಕ್ಕೆ ಬಾಗಿಸಿ, ಮುಖದ ಬಣ್ಣ ಬದಲಾಗುತ್ತದಾ ನೋಡಿ. ಬೆಳಕು ಎಷ್ಟು ಅಂತ ನಿಟ್ಸ್‌ನಲ್ಲಿ ಹೇಳುತ್ತಾರೆ. ಅಗ್ಗದವು ಸಾಮಾನ್ಯವಾಗಿ 250 ನಿಟ್ಸ್‌ನ ಹತ್ತಿರ ಇರುತ್ತವೆ. ಕೋಣೆಯೊಳಗೆ ಸಾಕು. ಕಿಟಕಿಯ ಪಕ್ಕ ಹಗಲು ಕೂತರೆ ಸಾಲದು.

ಸ್ಕ್ರೀನ್ ಮುಟ್ಟಿದ ಕೈಯಲ್ಲೇ ಕೀಲನ್ನೂ ನೋಡಿ. ಮುಚ್ಚಳವನ್ನು ಒಂದೇ ಮೂಲೆ ಹಿಡಿದು ನಿಧಾನವಾಗಿ ಎತ್ತಿ. ಇಡೀ ಸ್ಕ್ರೀನ್ ತಿರುಚಿಕೊಂಡರೆ, ಕೀಲಿನ ಹತ್ತಿರ ಕಟ್ಟು ಬಿಟ್ಟುಕೊಂಡರೆ, ಅಲ್ಲಿ ಒಳಗಿರುವುದು ಬರೀ ಪ್ಲಾಸ್ಟಿಕ್‌ಗೆ ಕೂರಿಸಿದ ಸ್ಕ್ರೂಗಳು. ವರ್ಷಗಟ್ಟಲೆ ದಿನಕ್ಕೆ ಐದಾರು ಸಲ ತೆರೆದು ಮುಚ್ಚುತ್ತೇವೆ. ಮೊದಲು ಬಿರುಕು ಬಿಡುವುದು ಅಲ್ಲೇ. ಕೀಬೋರ್ಡ್ ಮಧ್ಯದಲ್ಲಿ ಒಂದು ಬೆರಳಿಂದ ಒತ್ತಿ, ಇಡೀ ತಟ್ಟೆ ತಗ್ಗಿದರೆ ಬೇಡ. ಒಂದೆರಡು ಸಾಲು ನಿಜವಾಗಿ ಟೈಪ್ ಮಾಡಿ. ಕ್ಯಾಮೆರಾ ಹೆಚ್ಚಿನವುಗಳಲ್ಲಿ 720ಪಿ ಗುಣಮಟ್ಟದ್ದು ಇರುತ್ತದೆ, ಮನೆ ಮಾತುಕತೆಗೆ ನಡೆಯುತ್ತದೆ. ಅದರ ಮೇಲೆ ಸರಿಸುವ ಮುಚ್ಚಳ ಇದ್ದರೆ ಒಳ್ಳೆಯದು. ಪೆನ್‌ಡ್ರೈವ್ ಹಾಕಲು ಎರಡು ಜಾಗ, ಟಿವಿಗೆ ಒಂದು ಎಚ್‌ಡಿಎಂಐ, ಸಾಕು.

ಚಾರ್ಜರ್ ಬಗ್ಗೆ ಒಂದು ಮಾತು. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವುದಾದರೆ ಅದನ್ನೇ ಆರಿಸಿ. ಆಯಾ ಕಂಪನಿಯ ದುಂಡು ಪಿನ್ನಿನ ಚಾರ್ಜರ್ ಕೆಟ್ಟರೆ ಅದೇ ಅಳತೆಯದ್ದನ್ನು ಹುಡುಕಬೇಕು. ಯುಎಸ್‌ಬಿ-ಸಿ ಆದರೆ 45 ಅಥವಾ 65 ವಾಟ್‌ನ ಯಾವುದೇ ಒಳ್ಳೆಯ ಪಿಡಿ (ಪವರ್ ಡೆಲಿವರಿ) ಚಾರ್ಜರ್ ಸಾಕಾಗುತ್ತದೆ. ಆದರೆ ಆ ಕಿಂಡಿ ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಅಂತಲ್ಲ. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಅದು ಬರೀ ಡೇಟಾಕ್ಕೆ. ಕೇಳಿಕೊಳ್ಳಬೇಕು.

ಇಷ್ಟೆಲ್ಲ ನೋಡುವ ಹೊತ್ತಿಗೆ ಅಕ್ಕನ ದುಡ್ಡಿಗೆ ಹೊಸ ಲ್ಯಾಪ್‌ಟಾಪ್‌ಗಳು ಒಂದೊಂದಾಗಿ ಬಿಟ್ಟುಹೋದವು. ಸ್ಕ್ರೀನ್ ಸರಿ ಇದ್ದರೆ ಮೆಮೊರಿಗೆ ಬೆಸುಗೆ. ಸ್ಲಾಟ್ ಇದ್ದರೆ ಸ್ಕ್ರೀನ್ ಟಿಎನ್. ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಓಡುವ ಕ್ರೋಮ್‌ಬುಕ್ ಕೂಡ ಯೋಚಿಸಿದೆವು. ಬ್ರೌಸರ್‌ನಲ್ಲೇ ಎಲ್ಲ ಕೆಲಸ ಮುಗಿಯುವವರಿಗೆ ಅದು ನಿಜಕ್ಕೂ ಒಳ್ಳೆಯದು, ಕಡಿಮೆ ಮೆಮೊರಿಯಲ್ಲೂ ಹಗುರವಾಗಿ ಓಡುತ್ತದೆ. 2021ರಿಂದ ಈಚೆಗೆ ಬಂದ ಮಾದರಿಗಳಿಗೆ ಹತ್ತು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತ ಗೂಗಲ್ 2023ರಲ್ಲಿ ಹೇಳಿದೆ. ಆ ಹತ್ತು ವರ್ಷದ ಲೆಕ್ಕ ಶುರುವಾಗುವುದು ನಾವು ಕೊಂಡ ದಿನದಿಂದಲ್ಲ, ಅದರೊಳಗಿನ ಹಾರ್ಡ್‌ವೇರ್ ವಿನ್ಯಾಸ ಮೊದಲು ಬಿಡುಗಡೆಯಾದ ದಿನದಿಂದ. ಅದನ್ನು ನೆನಪಿಟ್ಟುಕೊಳ್ಳಬೇಕು. ಅಕ್ಕನಿಗೆ ಬೇಕಿದ್ದ ಒಂದು ಲೆಕ್ಕದ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುವುದರಿಂದ ಕ್ರೋಮ್‌ಬುಕ್ ಬಿಟ್ಟೆವು.

ಆಮೇಲೆ ಬಳಸಿದ ಲ್ಯಾಪ್‌ಟಾಪ್‌ಗಳ ಕಡೆ ತಿರುಗಿದೆವು. ಅಕ್ಕನಿಗೆ ಮೊದಲು ಇಷ್ಟವಿರಲಿಲ್ಲ. "ಯಾರೋ ಬಿಟ್ಟಿದ್ದನ್ನ ನಾನ್ಯಾಕೆ ತಗೊಳ್ಳಲಿ?" ಅಂದಳು. ನಾನು ಅವಳ ಜಾಗದಲ್ಲಿದ್ದರೂ ಹಾಗೇ ಅನ್ನುತ್ತಿದ್ದೆನೋ ಏನೋ. ಆದರೆ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಥರದವು ಆಫೀಸುಗಳಿಗೆ ಅಂತಲೇ ಮಾಡಿದವು. ಆಫೀಸುಗಳು ಅವನ್ನು ಮೂರು ನಾಲ್ಕು ವರ್ಷಕ್ಕೆ ಒಟ್ಟಿಗೆ ಬದಲಾಯಿಸುತ್ತವೆ, ಕೆಟ್ಟಿದೆ ಅಂತಲ್ಲ, ಅವಧಿ ಮುಗಿಯಿತು ಅಂತ. ಕೀಲು ಲೋಹದ್ದು, ಕೀಬೋರ್ಡ್ ಗಟ್ಟಿ, ಬಿಚ್ಚುವ ವಿಧಾನದ ಮ್ಯಾನುಯಲ್ ಎಲ್ಲರಿಗೂ ಸಿಗುತ್ತದೆ. ಹೊಸ ಅಗ್ಗದ ಲ್ಯಾಪ್‌ಟಾಪ್‌ನಲ್ಲಿ ಬದಲಾಯಿಸಲಾಗದ ಭಾಗಗಳೇ ಸಪ್ಪೆ. ಇವುಗಳಲ್ಲಿ ಆ ಭಾಗಗಳೇ ಗಟ್ಟಿ. ಸವೆದಿರುವುದು ಬ್ಯಾಟರಿ, ಅದನ್ನು ಬದಲಾಯಿಸಬಹುದು.

ಇಲ್ಲೂ ಒಂದಕ್ಷರ ನೋಡಬೇಕು. ಥಿಂಕ್‌ಪ್ಯಾಡ್ ಟಿ14ನ ಮೊದಲ ತಲೆಮಾರಿನಲ್ಲಿ ಒಂದಷ್ಟು ಮೆಮೊರಿ ಬೆಸುಗೆಯದ್ದು, ಜೊತೆಗೆ ಒಂದು ಸ್ಲಾಟ್ ಇದೆ. ಕೊನೆಗೆ ಎಸ್ ಸೇರಿದ ಟಿ14ಎಸ್‌ನಲ್ಲಿ ಪೂರ್ತಿ ಬೆಸುಗೆ, ಸ್ಲಾಟೇ ಇಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು, ಹಾಗಾಗಿ ವಿಂಡೋಸ್ 11 ತಗೊಳ್ಳದ ಯಂತ್ರ ಎಷ್ಟು ಅಗ್ಗವಾಗಿದ್ದರೂ ಬೇಡ ಅಂದುಕೊಂಡೆವು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಭಾಗ ಬೇಕು, ಇಂಟೆಲ್ ಆದರೆ ಕೆಲವನ್ನು ಬಿಟ್ಟು 8ನೇ ಜನರೇಶನ್‌ನಿಂದ ಈಚಿನದಿರಬೇಕು. ಈ ಗೆರೆಯಿಂದಾಗಿ 7ನೇ ಜನರೇಶನ್‌ನ ಒಳ್ಳೊಳ್ಳೆ ಲ್ಯಾಪ್‌ಟಾಪ್‌ಗಳು ರಾಶಿ ರಾಶಿ ಅಗ್ಗಕ್ಕೆ ಬಂದಿವೆ. ಲಿನಕ್ಸ್ ಬಳಸುವವರಿಗೆ ಅವು ನಿಜವಾಗಿ ಲಾಭ. ವಿಂಡೋಸ್ ಬೇಕಾದವರು ಅಲ್ಲಿ ಎಡವಬಾರದು.

ಕೊಳ್ಳುವ ದಿನ ನಾನೂ ಜೊತೆಗೆ ಹೋದೆ. ಮೊದಲು ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್‌ಗಳಿಗೆ ಹೋಗಿ ಪಾಸ್‌ವರ್ಡ್ ಕೇಳುತ್ತದಾ ನೋಡಿದೆವು. ಆಮೇಲೆ ಇಂಟರ್‌ನೆಟ್ ಕೊಟ್ಟು ವಿಂಡೋಸನ್ನು ಮೊದಲಿನಿಂದ ಸೆಟಪ್ ಮಾಡಿಸಿದೆವು. ಯಾವುದೋ ಸಂಸ್ಥೆಯ ಹೆಸರಿಗೆ ಇನ್ನೂ ನೋಂದಣಿ ಇದ್ದರೆ ಆ ಹಂತದಲ್ಲಿ ಅವರ ಲಾಗಿನ್ ಕೇಳುತ್ತದೆ. ಅಂಥದ್ದು ಕೈಗೆ ಬಂದರೆ ಬಿಡಿಸಿಕೊಳ್ಳುವುದು ಕಷ್ಟ. ಆಮೇಲೆ ಬ್ಯಾಟರಿ. ವಿಂಡೋಸ್‌ನಲ್ಲೇ ಬ್ಯಾಟರಿ ವರದಿ ತೆಗೆಯುವ ಒಂದು ಕಮಾಂಡ್ ಇದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಅಂಕಿ ಬರುತ್ತವೆ. ನಾವು ನೋಡಿದ್ದರಲ್ಲಿ ಹುಟ್ಟುವಾಗ 50 ವಾಟ್-ಅವರ್, ಈಗ 38. ಅಂದರೆ ಶೇಕಡ 76. ಮನೆ ಕೆಲಸಕ್ಕೆ ಎಂಟು ವಾಟ್ ಖರ್ಚಾಗುತ್ತದೆ ಅಂತ ಇಟ್ಟುಕೊಂಡರೆ ನಾಲ್ಕೂಮುಕ್ಕಾಲು ಗಂಟೆ. ಸಾಕು ಅಂದಳು ಅಕ್ಕ. ಟಚ್‌ಪ್ಯಾಡ್ ಮೇಲೆ ಅಂಗೈ ಆಡಿಸಿ ಉಬ್ಬಿದೆಯಾ ಅಂತಲೂ ನೋಡಿದೆವು. ಹಳೇ ಬ್ಯಾಟರಿ ಊದಿಕೊಂಡರೆ ಟಚ್‌ಪ್ಯಾಡ್ ಮೇಲಕ್ಕೆದ್ದು ಬರುತ್ತದೆ. ಅಂಥದ್ದನ್ನು ಚಾರ್ಜ್‌ಗೆ ಹಾಕಲೇಬಾರದು.

ತಂದದ್ದು 14 ಇಂಚಿನದು. 11ನೇ ಜನರೇಶನ್‌ನ ಐ5, 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ, 1080ರ ಐಪಿಎಸ್ ಸ್ಕ್ರೀನ್, ಯುಎಸ್‌ಬಿ-ಸಿ ಚಾರ್ಜರ್. ಮುಚ್ಚಳದ ಮೇಲೆ ಹಳೇ ಸ್ಟಿಕ್ಕರ್ ಕಿತ್ತ ಕಲೆ ಇದೆ. ಸ್ಪೇಸ್ ಬಾರ್ ಹೆಬ್ಬೆರಳು ತಾಗಿ ಮಿರಮಿರ ಮಿಂಚುತ್ತದೆ. ಮನೆಗೆ ಬಂದ ರಾತ್ರಿಯೇ ಅಕ್ಕ ಸ್ಕ್ರೂ ಡ್ರೈವರ್ ತಂದಿಟ್ಟಳು. "ಆ ಸ್ಲಾಟ್ ತೋರಿಸು, ನೋಡ್ಬೇಕು." ಹಿಂಬದಿ ತೆಗೆದೆವು. ಒಂದು ಹಸಿರು ಕಡ್ಡಿ, ಅದರ ಪಕ್ಕ ಅಷ್ಟೇ ಉದ್ದದ ಖಾಲಿ ಜಾಗ. ಇದ್ದ ಕಡ್ಡಿಯ ಎರಡು ಬದಿಯ ತಂತಿಯ ಕ್ಲಿಪ್‌ಗಳನ್ನು ಹೊರಕ್ಕೆ ಎಳೆದರೆ ಅದು ತಾನಾಗೇ ಓರೆಯಾಗಿ ಮೇಲೇಳುತ್ತದೆ. ವಾಪಸ್ ಹಾಕುವಾಗ ಅದೇ ಓರೆಯಲ್ಲಿ ತೂರಿಸಿ ಕೆಳಕ್ಕೆ ಒತ್ತಿದರೆ ಟಕ್ ಅಂತ ಸದ್ದು. ಅಕ್ಕ ಅದನ್ನು ತೆಗೆದು, ಹಾಕಿ, ಮತ್ತೆ ತೆಗೆದು ಹಾಕಿದಳು. "ಇಷ್ಟೇನಾ!" ಅಂದಳು. ಎರಡನೇ ಕಡ್ಡಿ ಈಗಲೇ ಬೇಡ, ಬೇಕೆನಿಸಿದಾಗ ನಾನೇ ಹಾಕ್ತೀನಿ ಅಂದಳು.

ಮೊದಲ ವಾರದಲ್ಲಿ ಮಾಡಿದ್ದು ಜಾಸ್ತಿ ಇಲ್ಲ. ಪತ್ರ, ಲೆಕ್ಕದ ಹಾಳೆ ಮಾಡಲು ಲಿಬ್ರೆ ಆಫೀಸ್ ಹಾಕಿದೆವು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಆ್ಯಂಟಿವೈರಸ್‌ಗೆ ವಿಂಡೋಸ್‌ನ ಜೊತೆ ಬರುವುದನ್ನೇ ಇಟ್ಟುಕೊಂಡೆವು. ಹೆಚ್ಚು ಹೊತ್ತು ಚಾರ್ಜರ್‌ಗೆ ಸಿಕ್ಕಿಸಿಯೇ ಇರುವುದರಿಂದ ಬ್ಯಾಟರಿ ಶೇಕಡ 80ಕ್ಕೆ ನಿಲ್ಲುವ ಹಾಗೆ ಮಾಡಿದೆವು. ಸದಾ ನೂರಕ್ಕೆ ತುಂಬಿಟ್ಟರೆ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ. ಕೊನೆಗೆ ಅಪ್ಪನ ಲ್ಯಾಪ್‌ಟಾಪನ್ನು ಕಪಾಟಿನಿಂದ ತೆಗೆದು, ಅದರಲ್ಲಿದ್ದ ಫೋಟೋಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡು ಅಕ್ಕನ ಲ್ಯಾಪ್‌ಟಾಪ್‌ಗೆ ಸೇರಿಸಿದೆ. ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕ್‌ನಲ್ಲೂ ಇದೆ.

ಹೋದ ಭಾನುವಾರ ಅಪ್ಪ ಅಕ್ಕನ ಮನೆಗೆ ಬಂದಿದ್ದರು. ಅಕ್ಕ ಆ ಫೋಲ್ಡರ್ ತೆರೆದು ಲ್ಯಾಪ್‌ಟಾಪನ್ನು ಅವರ ಮುಂದೆ ಇಟ್ಟಳು. ಅಪ್ಪ ಒಂದೊಂದೇ ಫೋಟೋ ದಾಟಿಸುತ್ತಾ ಹೋದರು. ಅಮ್ಮನದು ಬಂದಾಗ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು, "ಇದರಲ್ಲಿ ಜಾಗ ಇದೆಯೇನಮ್ಮಾ?"

ಅಕ್ಕ ಡ್ರೈವ್‌ನ ಚಿತ್ರ ತೆರೆದು ತೋರಿಸಿದಳು. 238ರಲ್ಲಿ 171 ಜಿಬಿ ಖಾಲಿ.

ಅಪ್ಪ ಕನ್ನಡಕ ಮೇಲಕ್ಕೇರಿಸಿಕೊಂಡು ಆ ಅಂಕಿಯನ್ನು ಎರಡು ಸಲ ಓದಿದರು. "ಹಾಗಾದ್ರೆ ಆ ಹಳೇ ವಿಡಿಯೋಗಳನ್ನೂ ಹಾಕಿಡು" ಅಂದರು.